ಸಂದಿಯಕ್ಕ ಮತ್ತು ಹದಿನಾರನೆಯ ಮನೆ

ಸಂದಿಯಕ್ಕ ಅಡುಗೆಮನೆ ಜೋಡಿಸಿದ ಮೇಲೆ ಆ ಮನೆಯಲ್ಲಿ ಸಕ್ಕರೆ ಸಿಗಬೇಕಾದರೆ ನಾಲ್ಕು ಡಬ್ಬಿ ತೆರೆಯಬೇಕು. ದೊಡ್ಡ ಡಬ್ಬಿಯೊಳಗೆ ಅದಕ್ಕಿಂತ ಸಣ್ಣದು, ಅದರೊಳಗೆ ಇನ್ನೂ ಸಣ್ಣದು, ಕಟ್ಟಕಡೆಗೆ ಸಕ್ಕರೆ. ಇದರಿಂದ ಕಪಾಟಿನಲ್ಲಿ ಎಷ್ಟು ಜಾಗ ಉಳಿಯಿತೆಂದರೆ ಗಂಡನ ಸ್ಪ್ಯಾನರ್ ಪೆಟ್ಟಿಗೆಯೂ ಬೇಳೆ ಡಬ್ಬಿಯ ಪಕ್ಕಕ್ಕೆ ಬಂದು ಕೂತಿತು. ಎಲ್ಲಿಗಾದರೂ ಹೊರಟರೆ ಕಾಲುಚೀಲಗಳು ಕೆಟಲ್ಲಿನ ಹೊಟ್ಟೆಯಲ್ಲಿ, ಹಲ್ಲುಜ್ಜುವ ಬ್ರಷ್ಷುಗಳು ಬೂಟಿನೊಳಗೆ. ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ಇಬ್ಬರು ಹರಡಿಕೊಂಡು ಕೂತದ್ದು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಗುರುತು ಪರಿಚಯವಿಲ್ಲದವರಿಗೂ "ಸ್ವಲ್ಪ ಆ ಕಡೆ ಸರೀರಿ" ಎಂದು ಹೇಳಿ ಮೂರನೆಯವರನ್ನು ಕೂರಿಸಿಯೇ ಇಳಿಯುತ್ತಾಳೆ, ತನ್ನ ಸ್ಟಾಪು ದಾಟಿ ಹೋದರೂ ಸರಿ.

ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಈಗ ಬ್ಯಾಂಕಿನವರು ಮಾತ್ರ ಬಳಸುತ್ತಾರೆ. ಎಲ್ಲಿ ಸಂದಿ ಇದ್ದರೂ ಅದು ಮೊದಲು ಇವಳ ಕಣ್ಣಿಗೇ ಬೀಳುತ್ತಿದ್ದರಿಂದ ಆಫೀಸಿನವರು ಸಂದಿಯಕ್ಕ ಎಂದರು. ಗಂಡ ಅದನ್ನು ಕೇಳಿ, ನಕ್ಕು, ಮನೆಗೂ ತಂದ.

ಆಫೀಸು ಇರುವುದು ಟೈರ್ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ ಜೊತೆಗೇ ಹತ್ತಿ ಬರುತ್ತದೆ. ಅಲ್ಲಿ ತಯಾರಾಗುವುದು ಕಿವಿಯೊಳಗೆ ಕೂರುವ ಶ್ರವಣಯಂತ್ರ. ಸುಲಿದ ಕಡಲೆಬೀಜದಷ್ಟು ಗಾತ್ರ. ಅದರೊಳಗೊಂದು ಪ್ರೊಸೆಸರ್, ಪ್ರೊಸೆಸರಿನೊಳಗೆ ಎರಡು ಸಾವಿರದ ನಲವತ್ತೆಂಟು ಬೈಟಿನ ಮೆಮೊರಿ. ಒಂದೊಂದು ಬೈಟಿಗೂ ನಂಬರು ಹಾಕಿದ ಒಂದೊಂದು ಮನೆ. ಈಗಿನ ಫೋನುಗಳಲ್ಲಿ ಹಲ್ಲು ಕಿರಿಯುವ ಹಳದಿ ಮುಖವೊಂದನ್ನು ಕಳಿಸುತ್ತಾರಲ್ಲ, ಅದೊಂದು ಮುಖದ ಚಿತ್ರಕ್ಕೂ ಈ ಜಾಗ ಸಾಲದು. ಅಷ್ಟರಲ್ಲೇ ಒಬ್ಬ ಮನುಷ್ಯನಿಗೆ ಲೋಕದ ಸದ್ದನ್ನೆಲ್ಲ ಕೇಳಿಸಬೇಕು.

ಪ್ರೋಗ್ರಾಂ ಬರೆಯುವವರು ಐದಾರು ಮಂದಿ. ಒಬ್ಬರು ಬ್ಯಾಟರಿಯನ್ನು ನೋಡಿಕೊಳ್ಳುತ್ತಾರೆ, ಒಬ್ಬರು ಗುಂಡಿಯನ್ನು, ಒಬ್ಬರು ಗದ್ದಲವನ್ನು. ಪ್ರತಿಯೊಬ್ಬರೂ ತಮ್ಮ ತುಂಡು ಬರೆದು, ನನಗೆ ಇಷ್ಟು ಬೈಟು ಬೇಕು ಎಂದು ಕೇಳಿ ಕೈತೊಳೆದುಕೊಳ್ಳುತ್ತಾರೆ. ಯಾರ ಬೈಟು ಯಾವ ಮನೆಯಲ್ಲಿ ಕೂತಿದೆ ಎಂಬುದು ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಈ ತುಂಡುಗಳನ್ನೆಲ್ಲ ಒಟ್ಟು ಹಾಕಿ, ಒಂದೊಂದಕ್ಕೂ ಮನೆ ನಂಬರು ಕೊಟ್ಟು, ಒಬ್ಬರು ಕರೆದದ್ದು ಇನ್ನೊಬ್ಬರಿಗೆ ತಲುಪುವಂತೆ ಗಂಟು ಹಾಕುವುದು ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಂ. ಅದನ್ನು ಅದರ ಪಾಡಿಗೆ ಬಿಟ್ಟರೆ ಬಂದವರನ್ನು ಬಂದ ಸಾಲಿನಲ್ಲೇ ಕೂರಿಸಿಬಿಡುತ್ತದೆ. ಹಾಗಲ್ಲ, ಹೀಗೆ ಕೂರಿಸು ಎಂದು ಅದಕ್ಕೆ ಆಜ್ಞೆ ಬರೆದುಕೊಡುವುದು ಸಂದಿಯಕ್ಕನ ಉದ್ಯೋಗ.

ಕೂರಿಸುವುದೇನು ಮಹಾ ಎನ್ನಬೇಡಿ. ನಾಲ್ಕು ಬೈಟಿನ ದೊಡ್ಡ ಸಂಖ್ಯೆಗಳಿಗೆ ಒಂದು ಜಂಬ ಇದೆ. ನಾಲ್ಕರಿಂದ ಭಾಗವಾಗುವ ನಂಬರಿನ ಮನೆಯಿಂದ ಮಾತ್ರ ಅವು ಶುರುವಾಗುತ್ತವೆ. ಒಂದೇ ಬೈಟಿನ ಬಡಪಾಯಿಗಳು ಎಲ್ಲಿ ಹೇಳಿದರೆ ಅಲ್ಲಿ ಕೂರುತ್ತವೆ. ಮೊದಲು ಒಬ್ಬ ಬಡಪಾಯಿ ಕೂತು, ಅವನ ಹಿಂದೆಯೇ ಜಂಬದವರು ಬಂದರೆ ನಡುವೆ ಮೂರು ಮನೆ ಸುಮ್ಮನೆ ಖಾಲಿ ಬೀಳುತ್ತವೆ. ಆದ್ದರಿಂದ ಜಂಬದವರನ್ನೆಲ್ಲ ಮೊದಲು ಕೂರಿಸಿ, ಬಡಪಾಯಿಗಳನ್ನು ಕೊನೆಗೆ ಒತ್ತೊತ್ತಾಗಿ ತುರುಕಬೇಕು. ಇಪ್ಪತ್ತನಾಲ್ಕು ವರ್ಷ ಇದನ್ನೇ ಮಾಡಿದ ಮೇಲೆ ಯಾರಾದರೂ ಮನೆಯ ಡಬ್ಬಿಗಳನ್ನು ಹೇಗೆ ತಾನೇ ಸುಮ್ಮನೆ ಬಿಟ್ಟಾರು?

ಮನೆಯಲ್ಲಿ ಮೂರು ಜನ. ಡ್ರೈವಿಂಗ್ ಶಾಲೆಯಲ್ಲಿ ಪಾಠ ಹೇಳುವ ಗಂಡ. ಊಟ ಮಾಡುವಾಗಲೂ ಯಾರಾದರೂ ಪಾತ್ರೆಯನ್ನು ರಭಸದಿಂದ ತಳ್ಳಿದರೆ ಅವನ ಬಲಗಾಲು ನೆಲದ ಮೇಲೆ ಬ್ರೇಕ್ ಒತ್ತುತ್ತದೆ. ಆಮೇಲೆ ಎಪ್ಪತ್ತೆಂಟು ವರ್ಷದ ಅತ್ತೆ. ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಪ್ರಕಟಣೆ ಮಾಡಿ ನಿವೃತ್ತರಾದವರು. ಮೈಕು ಕೆಟ್ಟ ದಿನವೂ ಅವರ ಕೆಲಸ ನಿಲ್ಲುತ್ತಿರಲಿಲ್ಲ ಎಂದರೆ ಗಂಟಲು ಎಂಥದ್ದೆಂದು ನೀವೇ ಊಹಿಸಿಕೊಳ್ಳಿ. ನಿವೃತ್ತಿಯಾಗಿ ಎಷ್ಟೋ ವರ್ಷಗಳ ಮೇಲೆ ಅವರ ಕಿವಿ ಮಂದವಾಯಿತು. ನಾಲ್ಕು ವರ್ಷ ಅದನ್ನು ಅವರು ಒಪ್ಪಿಕೊಳ್ಳಲೇ ಇಲ್ಲ. ಎಲ್ಲರೂ ಗೊಣಗುವುದನ್ನು ಕಲಿತಿದ್ದೀರಿ ಎಂದು ಲೋಕವನ್ನೇ ಬೈದರು. ಕಳೆದ ವರ್ಷ ಸೊಸೆಯ ಕಂಪನಿಯ ಯಂತ್ರವನ್ನು ಕಿವಿಗೆ ಹಾಕಿಸಿಕೊಂಡರು. ಆದರೆ ಆ ಯಂತ್ರ ತನ್ನ ಸದ್ದನ್ನು ತಾನೇ ಮತ್ತೆ ಕೇಳಿಸಿಕೊಂಡು, ಅದನ್ನೇ ಮತ್ತೆ ದೊಡ್ಡದು ಮಾಡಿ, ಕುಕ್ಕರಿನ ಹಾಗೆ ಸಿಳ್ಳೆ ಹೊಡೆಯುತ್ತಿತ್ತು. ಅದು ಮೇಜಿನ ಡ್ರಾಯರಿನಲ್ಲಿ ಕಳೆದ ದಿನಗಳೇ ಹೆಚ್ಚು.

ಅತ್ತೆಗೆ ಈ ಲೋಕದಲ್ಲಿ ಉಳಿದಿದ್ದ ಸುಖ ಒಂದೇ, ಮಧ್ಯಾಹ್ನ ಮೂರು ಗಂಟೆಯ ಇಸ್ಪೀಟು. ಮೇಜಿಗೆ ನಾಲ್ವರು. ಕನ್ನಡಕದಂಗಡಿಯಾಕೆ, ಅವಳ ಮನೆಯಲ್ಲೇ ಆಟ. ನಿವೃತ್ತ ದಂತವೈದ್ಯೆ, ಆಟದಲ್ಲಿ ಅತ್ತೆಯ ಜೋಡಿ. ಎದುರುಮನೆಯ ಟೀಚರು. ನಾಲ್ಕನೆಯವರು ಅತ್ತೆ. ಆಡುವುದು ಹಳೆಯ ಕೋಟಿನ ಗುಂಡಿಗಳನ್ನು ಪಣವಿಟ್ಟು. ನಾಲ್ವರ ನಾಲ್ಕು ಎಲೆ ಸೇರಿದ ಪಟ್ಟುಗಳಲ್ಲಿ ತಾನು ಎಷ್ಟು ಹೊಡೆಯುತ್ತೇನೆ ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕಾದ ಆಟ ಅದು. ಬೇರೆಯವರು ಹೇಳಿದ್ದು ಕೇಳಿಸದೆ ಅತ್ತೆ ತಮ್ಮ ಸರದಿ ಬರುವ ಮುಂಚೆಯೇ ಕೂಗುತ್ತಿದ್ದರು, ಸರದಿ ಬಂದಾಗ ಸುಮ್ಮನೆ ಕೂರುತ್ತಿದ್ದರು. ಯಂತ್ರ ಹಾಕಿಕೊಂಡು ಹೋದರೆ ಅದರ ಸಿಳ್ಳೆಗೆ ಕನ್ನಡಕದಂಗಡಿಯಾಕೆ ಎರಡು ಸಲ ಎದ್ದು ಹೋಗಿ ಒಲೆ ಆರಿಸಿ ಬಂದಳು. ಕೊನೆಗೆ ಒಂದು ಸೋಮವಾರ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಕೈಗೆ ಕೊಟ್ಟಳು. ಮುಂದಿನ ಸೋಮವಾರದೊಳಗೆ ಕಿವಿಯ ವ್ಯವಸ್ಥೆ ಆಗದಿದ್ದರೆ ಆ ಕುರ್ಚಿಯನ್ನು ಬೀದಿಗೆ ಹೊಸದಾಗಿ ಬಂದ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಕೊಡುವುದೆಂದು ತೀರ್ಮಾನವಾಗಿತ್ತು.

ಅತ್ತೆ ಚೀಟಿಯನ್ನು ಸೊಸೆಯ ಮುಂದಿಟ್ಟರು.

"ನೋಡು, ನಿನ್ನ ಯಂತ್ರ ನಂಗೆ ತಂದ ಭಾಗ್ಯ! ಆ ಕುರ್ಚಿ ಹೋದ್ರೆ ನಾನಿನ್ನು ಗೋಡೆ ಮುಂದೆ ಕೂತ್ಕೊಂಡು ಸುಣ್ಣದ ಚಕ್ಕೆ ಎಣಿಸ್ಬೇಕು."

ದನಿ ಎಂದಿನಂತೆ ಗಟ್ಟಿಯಾಗಿಯೇ ಇತ್ತು. ಆದರೆ ಚೀಟಿಯನ್ನು ಮತ್ತೆ ತೆಗೆದುಕೊಂಡು, ನಾಲ್ಕಾಗಿ ಮಡಚಿ, ಸೆರಗಿನಲ್ಲಿ ಗಂಟು ಹಾಕಿಕೊಂಡರು. 

ಆಫೀಸಿನಲ್ಲಿ ಅದೇ ವಾರ ಸಿಳ್ಳೆಗೆ ಮದ್ದು ಸಿದ್ಧವಾಗಿತ್ತು. ಬರೆದವರು ಮೇಷ್ಟ್ರು. ಹಿಂದೆ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದವರು, ಈಗಲೂ ಅಂಗಿಯ ಜೇಬಿನಲ್ಲಿ ಸೀಮೆಸುಣ್ಣ ಇರುತ್ತದೆ. ಮದ್ದು ಚೆನ್ನಾಗಿತ್ತು, ಆದರೆ ಅದನ್ನು ಸೇರಿಸಿದೊಡನೆ ಲಿಂಕರ್ ಮೂಗು ಮುರಿಯಿತು. ನಲವತ್ತನಾಲ್ಕು ಬೈಟು ಹೆಚ್ಚಾಗಿದೆ, ಹಿಡಿಸುವುದಿಲ್ಲ ಎಂದಿತು. ದೊಡ್ಡ ಮೆಮೊರಿಯ ಪ್ರೊಸೆಸರ್ ಹಾಕೋಣವೆಂದರೆ ಅದು ಕಿವಿಯ ಚಿಪ್ಪಿನೊಳಗೆ ಕೂರದು.

"ನಲವತ್ನಾಲ್ಕೇ ತಾನೆ?" ಎಂದು ಸಂದಿಯಕ್ಕ ಕುರ್ಚಿ ಎಳೆದುಕೊಂಡಳು. "ನಾಳೆ ಸಂಜೆಯೊಳಗೆ ಕೊಡ್ತೀನಿ."

ಮಾರನೆಯ ದಿನವಿಡೀ ಮೆಮೊರಿಯ ನಕ್ಷೆ ಮುಂದಿಟ್ಟುಕೊಂಡು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ಇಲ್ಲಿ ಮೂರು ಖಾಲಿ, ಅಲ್ಲಿ ಎರಡು ಖಾಲಿ. ಬ್ಯಾಟರಿಯ ಬಡಪಾಯಿಗಳನ್ನು ಗುಂಡಿಯ ಬಡಪಾಯಿಗಳ ಪಕ್ಕಕ್ಕೆ ತಳ್ಳಿದಳು. ಊಟದ ಹೊತ್ತಿಗೆ ಇಪ್ಪತ್ತೆಂಟು ಸಿಕ್ಕಿತು, ನಾಲ್ಕು ಗಂಟೆಗೆ ನಲವತ್ತು. ಕೊನೆಯ ನಾಲ್ಕಕ್ಕೆ ತಲೆ ಕೆರೆದುಕೊಳ್ಳುತ್ತಿದ್ದಾಗ, ವಾಲ್ಯೂಮ್ ಎಷ್ಟಿದೆ ಎಂದು ನೆನಪಿಡುವ ಒಂದೇ ಒಂದು ಬೈಟು ಜಂಬದವರ ನಡುವೆ ಮೂರು ಖಾಲಿ ಮನೆಗಳನ್ನು ಮಗ್ಗುಲಲ್ಲಿಟ್ಟುಕೊಂಡು ಜಮೀನ್ದಾರನ ಹಾಗೆ ಕೂತದ್ದು ಕಣ್ಣಿಗೆ ಬಿತ್ತು. ಬಹಳ ಹಳೆಯದೊಂದು ಪಟ್ಟಿಯ ಬಾಲದಲ್ಲಿ ಒಂದು ಮನೆ ಖಾಲಿ ಇತ್ತು. ಪಟ್ಟಿಗೆ ಹದಿನೈದು ಮನೆ, ಹದಿನಾರನೆಯದು ಯಾರಿಗೂ ಸೇರಿದ್ದಲ್ಲ. ವಾಲ್ಯೂಮನ್ನು ಎತ್ತಿ ಅಲ್ಲಿಗೆ ಹಾಕಿದಳು. ನಾಲ್ಕು ಮನೆ ಬಿಡುಗಡೆಯಾಯಿತು. ಲಿಂಕರ್ ತೆಪ್ಪಗೆ ಒಪ್ಪಿಕೊಂಡಿತು. ಎರಡು ಸಾವಿರದ ನಲವತ್ತೆಂಟಕ್ಕೆ ಎರಡು ಸಾವಿರದ ನಲವತ್ತೆಂಟೂ ಭರ್ತಿ.

"ಒಂದು ಬೈಟೂ ಉಳಿದಿಲ್ಲ!" ಎಂದು ಅವಳು ಹೇಳಿದ ರೀತಿ ನೋಡಿದರೆ ಯಾರೋ ಪದಕ ಕೊಟ್ಟಿದ್ದಾರೆ ಅನ್ನಿಸುತ್ತಿತ್ತು.

ಆ ಕಂಪನಿಯಲ್ಲಿ ಎರಡು ಕಟ್ಟಳೆಗಳಿವೆ. ಹೊಸ ಪ್ರೋಗ್ರಾಂ ಹಾಕಿದ ಯಂತ್ರ ಹೊರಗೆ ಹೋಗುವ ಮುನ್ನ ಕೆಲಸಗಾರರದೇ ಮನೆಯ ಒಬ್ಬರ ಕಿವಿಯಲ್ಲಿ ಮೂರು ದಿನ ಇರಬೇಕು. ಇದಕ್ಕೆ ಮನೆಕಿವಿ ಎನ್ನುತ್ತಾರೆ. ಇನ್ನೊಂದು, ಊಟದ ಕೋಣೆಯ ಹಸಿರು ಹಲಗೆ. ಅದರಲ್ಲಿ ಎರಡೇ ಕಾಲಂ: ತಪ್ಪು ಯಾರದು, ಹಿಡಿದವರು ಯಾರು. ಒಮ್ಮೆ ಬರೆದ ಹೆಸರನ್ನು ತಿಂಗಳ ತನಕ ಅಳಿಸುವಂತಿಲ್ಲ, ಹೆಸರಿನವರು ಅದರ ಕೆಳಗೇ ಕೂತು ಊಟ ಮಾಡಬೇಕು. ಮೇಷ್ಟ್ರ ಹೆಸರು ಹನ್ನೊಂದು ಸಲ ಬಂದಿತ್ತು. ಇಪ್ಪತ್ತನಾಲ್ಕು ವರ್ಷಗಳಲ್ಲಿ ಸಂದಿಯಕ್ಕನ ಹೆಸರು ಮೊದಲ ಕಾಲಮ್ಮಿನಲ್ಲಿ ಒಮ್ಮೆಯೂ ಬಂದಿರಲಿಲ್ಲ. ಬೇರೆಯವರ ಹೆಸರನ್ನು ದುಂಡಗೆ, ಒತ್ತಕ್ಷರ ಕೆಡದಂತೆ ಬರೆಯುವುದು ಅವಳಿಗೆ ತುಂಬಾ ಇಷ್ಟವಾದ ಕೆಲಸ.

ಗುರುವಾರ ಬೆಳಿಗ್ಗೆ ಅತ್ತೆಯ ಕಿವಿಗೆ ಹೊಸ ಯಂತ್ರ ಬಂತು. ಸಿಳ್ಳೆ ಇಲ್ಲವೇ ಇಲ್ಲ. ಅತ್ತೆ ಮನೆಯೆಲ್ಲ ಸುತ್ತಾಡಿದರು, ನಲ್ಲಿ ತಿರುಗಿಸಿದರು, ಬೀಗದ ಕೈ ಅಲ್ಲಾಡಿಸಿದರು.

"ಈ ಫ್ರಿಜ್ಜು ಇಷ್ಟೊಂದು ಗೊರಕೆ ಹೊಡೆಯುತ್ತೆ ಅಂತ ಒಬ್ರಾದ್ರೂ ನಂಗೆ ಹೇಳಿದ್ರಾ?" ಎಂದರು. ಮುಖ ಊರಗಲವಾಗಿತ್ತು.

ಸಂಜೆ ಮಗ ಕೆಲಸದಿಂದ ಬಂದು, ಕೆಸರು ಮೆತ್ತಿದ ಶೂಗಳನ್ನು ತಾಯಿಯ ಕುರ್ಚಿಯ ಕೆಳಗೆ ಬಿಟ್ಟ. ಅತ್ತೆ ಬಸ್ ನಿಲ್ದಾಣದ ದನಿ ತೆಗೆದರು.

"ಏಯ್! ಇದೇನು ಮನೇನಾ, ಗ್ಯಾರೇಜಾ?"

ಮಗ ಏನೋ ಸಮಜಾಯಿಷಿ ಹೇಳಿದ. ಅತ್ತೆ ಅವನ ಬಾಯನ್ನೇ ನೋಡಿದರು.

"ಮಾತಾಡೋ! ಬಾಯಿ ಮಾತ್ರ ಆಡಿಸ್ತಿದೀಯಲ್ಲ, ಅಣಕಿಸ್ತಿದೀಯಾ?"

ಅವನು ಇನ್ನೂ ಗಟ್ಟಿಯಾಗಿ ಹೇಳಿದ. ಅತ್ತೆಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಸಂದಿಯಕ್ಕ ಓಡಿ ಬಂದು ಯಂತ್ರ ನೋಡಿದರೆ ವಾಲ್ಯೂಮ್ ಎಂಟರಿಂದ ಒಂದಕ್ಕೆ ಬಿದ್ದಿತ್ತು. ಗುಂಡಿಯನ್ನು ಏಳು ಸಲ ಒತ್ತಿ ಮತ್ತೆ ಎಂಟಕ್ಕೆ ತಂದರು. ಹತ್ತು ನಿಮಿಷದಲ್ಲಿ ಅತ್ತೆ ಇನ್ನೊಂದು ಸಲ ಗದರಿದರು, ವಾಲ್ಯೂಮ್ ಮತ್ತೆ ಒಂದಕ್ಕೆ ಬಿತ್ತು. ಮತ್ತೆ ಏಳು ಸಲ ಒತ್ತಾಟ.

ಗುಟ್ಟು ಮೊದಲು ಹೊಳೆದದ್ದು ಗಂಡನಿಗೆ. ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದ.

"ಅಮ್ಮ ಕೂಗಿದ್ರೆ ಅಮ್ಮಂಗೇ ಕಿವಿ ಮುಚ್ಚಿಹೋಗುತ್ತೆ ಕಣೇ! ಮೆಲ್ಲಗೆ ಮಾತಾಡಿದ್ರೆ ಏನೂ ಆಗಲ್ಲ. ಎಂಥಾ ಯಂತ್ರ ಮಾಡಿದೀಯ!"

"ಅದು ತಪ್ಪು ಕಣ್ರಿ, ಯಂತ್ರದ ತಪ್ಪು."

"ಯಾರಿಗೆ ತಪ್ಪು? ನೀನು ಅದನ್ನ ಮುಟ್ಟಬೇಡ."

ಶುಕ್ರವಾರ ಬೆಳಿಗ್ಗೆಯ ಹೊತ್ತಿಗೆ ಗುಂಡಿ ಒತ್ತಿ ಒತ್ತಿ ಅತ್ತೆಯ ಬೆರಳು ಸೋತಿತ್ತು. ತಿಂಡಿಗೆ ಕೂತಾಗ, "ಸ್ವಲ್ಪ ಉಪ್ಪು ಕೊಡ್ತೀಯಾ, ಕಂದ?" ಎಂದರು. ಎಷ್ಟು ಮೆಲ್ಲಗೆ ಎಂದರೆ ಮಗನ ಕೈಯ ಚಮಚ ಜಾರಿ ತಟ್ಟೆಗೆ ಬಿತ್ತು, ಬಲಗಾಲು ಬ್ರೇಕ್ ಒತ್ತಿತು. ಐವತ್ತಮೂರು ವರ್ಷಗಳಲ್ಲಿ ಆ ದನಿಯನ್ನು ಅವನು ಕೇಳಿರಲೇ ಇಲ್ಲ. ಹೆಂಡತಿಯತ್ತ ಕೈಮುಗಿದು, ಬೇಡ, ಸರಿಮಾಡಬೇಡ ಎಂದು ಕಣ್ಣಲ್ಲೇ ಬೇಡಿಕೊಂಡ.

ನಗು ಸಂದಿಯಕ್ಕನಿಗೂ ಬಂತು. ಆದರೆ ಸೋಮವಾರ ನೆನಪಾಗಿ ಅರ್ಧಕ್ಕೇ ನಿಂತಿತು. ಇಸ್ಪೀಟು ಮೇಜಿನಲ್ಲಿ ಕೂಗುವವರು ಅತ್ತೆ ಒಬ್ಬರೇ ಅಲ್ಲ. ದಂತವೈದ್ಯೆ ನಕ್ಕರೆ ಕಿಟಕಿಯ ಗಾಜು ಅದುರುತ್ತದೆ. ಅವಳು ಒಮ್ಮೆ ನಕ್ಕರೆ ಸಾಕು, ಅತ್ತೆಗೆ ಕಿವುಡು, ಆಮೇಲೆ ಸರದಿ ತಪ್ಪಿ, ಕುರ್ಚಿಯೂ ತಪ್ಪುತ್ತದೆ.

ಅವಳು ಆ ದಿನ ಆಫೀಸಿಗೆ ಮನೆಯ ಸ್ಟೀಲ್ ಮುಚ್ಚಳವೊಂದನ್ನೂ ಸೌಟನ್ನೂ ಚೀಲದಲ್ಲಿ ಹಾಕಿಕೊಂಡು ಹೋದಳು. ವಾಲ್ಯೂಮಿನ ಮನೆಗೆ ಯಾರು ಕೈ ಹಾಕುತ್ತಾರೋ ಅವರು ಅಲ್ಲಿಯೇ ಸಿಕ್ಕಿಬೀಳುವಂತೆ ಬೋನು ಇಟ್ಟು, ಅದೇ ಪ್ರೋಗ್ರಾಂ ಹಾಕಿದ ಇನ್ನೊಂದು ಯಂತ್ರದ ಪಕ್ಕ ಮುಚ್ಚಳ ಬಡಿದಳು. ಕೆಳಗಿನ ಟೈರ್ ಅಂಗಡಿಯವರು ಏನಾಯಿತೆಂದು ಹೊರಗೆ ಬಂದು ಮೇಲೆ ನೋಡಿದರು. ಕಳ್ಳ ಬೋನಿಗೆ ಬಿದ್ದ. ಪರದೆಯ ಮೇಲೆ ಆ ಸಾಲು, ಆ ಸಾಲಿದ್ದ ಕಡತ, ಕಡತದ ನೆತ್ತಿಯ ಮೇಲೆ ಬರೆದವರ ಸಹಿ ಒಂದೊಂದಾಗಿ ತೆರೆದುಕೊಂಡವು. ತಾರೀಖು ಇಪ್ಪತ್ತನಾಲ್ಕು ವರ್ಷದ ಹಿಂದಿನದು. ಸಹಿ ಅವಳದೇ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದ ಪಟ್ಟಿ ಅದು. ಕಿವಿಗೆ ಬಿದ್ದ ಸದ್ದುಗಳಲ್ಲಿ ಯಾವ ಯಾವ ಜೋರಿನವು ಬಂದುಹೋದವು ಎಂದು ಯಂತ್ರ ಗುರುತು ಹಾಕಿಕೊಳ್ಳುತ್ತದೆ, ಅದನ್ನು ನೋಡಿಕೊಂಡು ಎಷ್ಟು ಹಿಗ್ಗಿಸಬೇಕೆಂದು ಲೆಕ್ಕ ಹಾಕುತ್ತದೆ. ಜೋರಿನ ಮಟ್ಟಗಳು ಸೊನ್ನೆಯಿಂದ ಹದಿನೈದರವರೆಗೆ. ಯಾವ ಮಟ್ಟದ ಸದ್ದು ಬಂತೋ ಆ ಮನೆಯಲ್ಲಿ 'ಒಂದು' ಎಂದು ಬರೆಯಬೇಕು. ಹದಿನೈದೇ ಕೊನೆ ಎಂದು ಆಗಿನ ಎಳೆಯ ಸಂದಿಯಕ್ಕ ಹದಿನೈದು ಮನೆ ಕೇಳಿದ್ದಳು. ಸೊನ್ನೆಯನ್ನೂ ಸೇರಿಸಿದರೆ ಹದಿನಾರಾಗುತ್ತದೆ. ಎಲ್ಲಕ್ಕಿಂತ ಜೋರಾದ ಸದ್ದು ಬಂದಾಗಲೆಲ್ಲ ಅವಳ ಪ್ರೋಗ್ರಾಂ ತನ್ನ ಬೇಲಿ ದಾಟಿ ಪಕ್ಕದ ಮನೆಯಲ್ಲಿ 'ಒಂದು' ಎಂದು ಬರೆದು ಬರುತ್ತಿತ್ತು. ಪಕ್ಕದ ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆ ಖಾಲಿ ಮನೆ ಇಪ್ಪತ್ತನಾಲ್ಕು ವರ್ಷ ಅವಳ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಕೂತಿತ್ತು. ಮೊನ್ನೆ ಅವಳೇ ತನ್ನ ಕೈಯಾರೆ ವಾಲ್ಯೂಮನ್ನು ತಂದು ಅಲ್ಲಿ ಕೂರಿಸಿದಳು.

ಸಂದಿಯಕ್ಕನಿಗೆ ನಾಚಿಕೆಯಿಂದ ಕಿವಿಯ ತುದಿ ಬಿಸಿಯಾಯಿತು. ಸುತ್ತ ನೋಡಿದಳು. ಮೇಷ್ಟ್ರು ಫೋನಿನಲ್ಲಿದ್ದರು, ಉಳಿದವರು ಊಟಕ್ಕೆ ಹೋಗಿದ್ದರು. ಪಟ್ಟಿಗೆ ಇನ್ನೊಂದು ಮನೆ ಕೊಡೋಣವೆಂದರೆ ಎಲ್ಲಿದೆ ಮನೆ? ಒಂದು ಬೈಟೂ ಉಳಿದಿಲ್ಲ ಎಂದು ಎದೆ ತಟ್ಟಿಕೊಂಡು ಹೇಳಿದವಳು ಅವಳೇ ತಾನೆ?

ಆಗ ಅವಳ ಕಸುಬಿನವರಿಗೆ ಮಾತ್ರ ಹೊಳೆಯುವಂಥ ಒಂದು ಕುಯುಕ್ತಿ ಹೊಳೆಯಿತು. ಬ್ಯಾಟರಿ ಯಾವ ಜಾತಿಯದು ಎಂದು ನೆನಪಿಡುವ ಒಂದು ಬೈಟು ಇದೆ. ಯಂತ್ರ ಶುರುವಾಗುವಾಗ ಒಮ್ಮೆ ಅದನ್ನು ನೋಡುತ್ತಾರೆ, ಆಮೇಲೆ ಅದರ ಮುಖ ನೋಡುವವರಿಲ್ಲ. ಅದನ್ನು ಹದಿನಾರನೆಯ ಮನೆಗೆ ಹಾಕಿ, ವಾಲ್ಯೂಮನ್ನು ಅದರ ಜಾಗಕ್ಕೆ ಕಳಿಸಿದರಾಯಿತು. ಬೇಲಿ ದಾಟಿ ಬರುವ 'ಒಂದು' ಬ್ಯಾಟರಿಯ ತಲೆಯ ಮೇಲೆ ಬೀಳಲಿ, ಯಾರಿಗೇನು ನಷ್ಟ? ಲಿಂಕರಿನ ಆಜ್ಞೆಯಲ್ಲಿ ಎರಡೇ ಸಾಲು ಅದಲುಬದಲು. ಹಲಗೆಗೂ ತಿಳಿಯುವುದಿಲ್ಲ.

ಮಾಡಿಯೇಬಿಟ್ಟಳು. ಮುಚ್ಚಳ ಬಡಿದಳು. ವಾಲ್ಯೂಮ್ ಎಂಟರಲ್ಲೇ ನಿಂತಿತು. ಯಂತ್ರವನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲಕ್ಕೆ ಹಾಕಿ, ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದಳು. ಅಂದು ಎದುರು ಸೀಟಿನಲ್ಲಿ ಇಬ್ಬರು ಮೂವರ ಜಾಗ ಹಿಡಿದು ಕೂತಿದ್ದರೂ ಅವಳು ತುಟಿ ಬಿಚ್ಚಲಿಲ್ಲ.

ಮನಸ್ಸು ಮಾತ್ರ ಬಿಡಲಿಲ್ಲ. ಮುಂದಿನ ವರ್ಷ ಇನ್ನೇನೋ ಸೇರಿಸಬೇಕಾಗುತ್ತದೆ, ಮತ್ತೆ ಜಾಗ ಸಾಲುವುದಿಲ್ಲ, ಯಾರೋ ಮತ್ತೆ ಎಲ್ಲವನ್ನೂ ಹಿಂದೆ ಮುಂದೆ ಮಾಡುತ್ತಾರೆ. ಆಗ ಆ ಹದಿನಾರನೆಯ ಮನೆಗೆ ಯಾರು ಬಂದು ಕೂರುತ್ತಾರೋ! ಇನ್ಯಾರದೋ ಅತ್ತೆ, ಇನ್ಯಾರದೋ ಅಪ್ಪ, ರಸ್ತೆ ದಾಟುವಾಗ ಲಾರಿ ಹಾರ್ನ್ ಹೊಡೆದ ಗಳಿಗೆಯಲ್ಲೇ ಕಿವುಡಾದರೆ? ಯೋಚಿಸಿದಷ್ಟೂ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಹೊಸ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಶನಿವಾರ ಬೆಳಿಗ್ಗೆ ಅತ್ತೆ ಊಟದ ಮೇಜಿನ ಮೇಲೆ ಕೋಟಿನ ಗುಂಡಿಗಳನ್ನು ಸುರಿದುಕೊಂಡು ಸೋಮವಾರಕ್ಕೆ ಒರೆಸಿ ಇಡುತ್ತಿದ್ದರು. ಗುರುವಾರ ತಂದ, ತಪ್ಪಿರುವ ಯಂತ್ರವೇ ಕಿವಿಯಲ್ಲಿ, ಹಾಗಾಗಿ ದನಿ ಮೆತ್ತಗೆ.

"ಯಾಕಮ್ಮ, ಮುಖ ಹುಳ್ಳಗಿದೆ?"

ಸಂದಿಯಕ್ಕ ಎದುರು ಕೂತಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಎಲ್ಲವೂ ಹೊರಗೆ ಬಂತು. ಹದಿನೈದು ಗುಂಡಿಗಳನ್ನು ಸಾಲಾಗಿ ಇಟ್ಟಳು, ಇವು ಪಟ್ಟಿಯ ಮನೆಗಳು ಎಂದಳು. ಹದಿನಾರನೆಯದಾಗಿ ಒಂದು ಕೆಂಪು ಗುಂಡಿ ಇಟ್ಟು, ಇದು ವಾಲ್ಯೂಮು, ನೀವು ಕೂಗಿದಾಗ ನನ್ನ ತಪ್ಪು ಇದರ ತಲೆಗೆ ಹೊಡೆಯುತ್ತೆ ಎಂದಳು. ಯಾರಿಗೂ ಕಾಣದ ಹಾಗೆ ಮುಚ್ಚಿಹಾಕಬಹುದು, ಮುಚ್ಚಿಯೂ ಆಗಿದೆ, ಆದರೆ ಅದು ಸರಿಯಲ್ಲ ಎಂದಳು. ನಿಜವಾಗಿ ಸರಿಮಾಡಬೇಕೆಂದರೆ ಇನ್ನೊಂದೇ ಒಂದು ಮನೆ ಬೇಕು, ಆ ಒಂದು ಎಲ್ಲೂ ಇಲ್ಲ ಎಂದಳು.

"ನಿಮ್ಮ ಕುರ್ಚಿ ನನ್ನಿಂದ್ಲೇ ಹೋಗುತ್ತೇನೋ ಅತ್ತೆ."

ಅತ್ತೆ ಗುಂಡಿಗಳ ಸಾಲನ್ನು ನೋಡಿದರು. ಮೂವತ್ತು ವರ್ಷ ಯಾವ ಬಸ್ಸು ಯಾವ ಅಂಕಣಕ್ಕೆ ಎಂದು ಕೂಗಿದವರು. ಸಾಲು ನೋಡುವುದು ಅವರಿಗೆ ಹೊಸದಲ್ಲ.

"ಕೊನೇ ಮನೇಲಿ ನನ್ನ ಕೂಗು. ಸರಿ. ಈ ಮೊದಲ್ನೇ ಮನೇಲಿ ಯಾರಿದಾರೆ?"

"ಸೊನ್ನೆ. ಅಂದ್ರೆ ಏನೂ ಸದ್ದಿಲ್ಲ ಅಂತ."

"ಏನೂ ಸದ್ದಿಲ್ಲ ಅಂತ ಗುರುತು ಹಾಕ್ಕೊಳ್ಳೋಕೂ ಒಂದು ಮನೇನಾ?"

"ಹೂಂ. ಎಲ್ಲಾ ಮಟ್ಟಕ್ಕೂ ಒಂದೊಂದು."

"ನಂಗೆ ನಾಲ್ಕು ವರ್ಷ ಏನೂ ಕೇಳಿಸ್ತಿರ್ಲಿಲ್ಲ," ಎಂದರು ಅತ್ತೆ. "ನೀವೆಲ್ಲ ಈ ಮೇಜಿನ ಸುತ್ತ ಕೂತು ಮಾತಾಡ್ತಿದ್ರಿ, ನಗ್ತಿದ್ರಿ. ನಾನೂ ಸುಮ್ನೆ ನಗ್ತಿದ್ದೆ. ಅದನ್ನ ಯಾರಾದ್ರೂ ಗುರುತು ಹಾಕ್ಕೊಂಡ್ರಾ? ಇಲ್ಲ ತಾನೆ? ಹಾಗಿದ್ಮೇಲೆ ಯಂತ್ರಕ್ಕೆ ಮಾತ್ರ ಯಾಕೆ?"

ಕೋಪವಾಗಲಿ ಕೊಂಕಾಗಲಿ ಆ ದನಿಯಲ್ಲಿರಲಿಲ್ಲ. ಮೊದಲನೆಯ ಗುಂಡಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, ಉಳಿದ ಹದಿನಾಲ್ಕನ್ನು ಅಂಗೈಯಿಂದ ಒಂದೊಂದು ಮನೆ ಹಿಂದಕ್ಕೆ ಸರಿಸಿದರು. ಕೆಂಪು ಗುಂಡಿಗೆ ಮುಂಚಿನ ಹದಿನೈದನೆಯ ಮನೆ ತೆರವಾಯಿತು.

"ಇಲ್ಲಿಗೆ ಹಾಕು ನನ್ನ ಕೂಗನ್ನ."

ಸಂದಿಯಕ್ಕ ಬೆರಳಿಟ್ಟು ಆ ಮನೆಗಳನ್ನು ಮತ್ತೊಮ್ಮೆ ಎಣಿಸಿದಳು. ಒಂದು ಬೈಟು ಸಿಕ್ಕಿದ ಸಂತೋಷಕ್ಕಿಂತ ಮೊದಲು ಆ ನಾಲ್ಕು ವರ್ಷಗಳು ನೆನಪಾದವು. ಅವರಿಗೆ ಕೇಳಿಸಲ್ಲ ಬಿಡಿ ಎಂದು ಎಷ್ಟು ಸಲ ಹೇಳಿದ್ದಳು! ಮನೆಯ ಒಂದೊಂದು ಸಂದಿಯೂ ಕಣ್ಣಿಗೆ ಬೀಳುವ ಅವಳಿಗೆ ಅದೊಂದು ಮಾತ್ರ ಬಿದ್ದಿರಲಿಲ್ಲ. ಎದ್ದು ಹೋಗಿ ಅತ್ತೆಯ ಕೈ ಹಿಡಿದುಕೊಂಡಳು. ಕಣ್ಣು ತುಂಬಿ ಬಂದದ್ದನ್ನು ಅಡಗಿಸಲಿಲ್ಲ.

"ಸಾಕು ಸಾಕು, ಕೈಗೆ ಪಾಲಿಶ್ ಇದೆ," ಎಂದು ಅತ್ತೆ ಕೈ ಬಿಡಿಸಿಕೊಂಡರು. "ಆಫೀಸಿಗೆ ಹೋಗು. ಇವತ್ತು ಅರ್ಧ ದಿನ ತಾನೆ ನಿಂದು?"

ಆಫೀಸಿನಲ್ಲಿ ಮೇಷ್ಟ್ರು ಮಾತು ಮುಗಿಯುವ ತನಕ ಕೇಳಿಸಿಕೊಂಡು, ಜೇಬಿನ ಸೀಮೆಸುಣ್ಣ ತೆಗೆದು ಮೇಜಿನ ಮೇಲೇ ಲೆಕ್ಕ ಹಾಕಿದರು. ಪ್ರೋಗ್ರಾಮನ್ನೆಲ್ಲ ಜಾಲಾಡಿದರು. ಸೊನ್ನೆಯ ಮನೆಯ ಗುರುತನ್ನು ಈವರೆಗೆ ಯಾರೂ ಓದಿಯೇ ಇರಲಿಲ್ಲ. ಬರೆಯುವುದಷ್ಟೇ, ಬರೆದು ಮರೆಯುವುದಷ್ಟೇ. ಸದ್ದಿಲ್ಲದಾಗ ಏನನ್ನೂ ಬರೆಯಬೇಡ, ಉಳಿದವರು ಒಂದೊಂದು ಮನೆ ಹಿಂದೆ ಸರಿಯಿರಿ ಎಂದು ಎರಡು ಸಾಲು ಸೇರಿಸಿದರು. ಲಿಂಕರ್ ಒಪ್ಪಿತು. ಎಲ್ಲ ಮನೆಗಳೂ ಭರ್ತಿ, ಆದರೆ ಈಗ ಯಾರೂ ಯಾರ ಬೇಲಿಯನ್ನೂ ದಾಟುತ್ತಿರಲಿಲ್ಲ. ಮುಚ್ಚಳವನ್ನು ಈ ಸಲ ಮೇಷ್ಟ್ರೇ ಬಡಿದರು.

"ಹಾಗಾದ್ರೆ ನೀವು ಕೇಳಿದ್ದ ಹದಿನೈದೇ ಸರಿಯಾಗಿತ್ತಲ್ಲ ಸಂದಿಯಕ್ಕ? ಕೂರಿಸಿದ್ದು ಮಾತ್ರ ತಪ್ಪು. ಇದನ್ನ ಹಲಗೆಗೆ ಯಾಕೆ ಹಾಕ್ತೀರಾ?" ಎಂದರು. ಪಾಪ, ಒಳ್ಳೆಯ ಮನುಷ್ಯ.

"ನಿಮ್ಮ ಹನ್ನೊಂದನ್ನೂ ನಾನೇ ಬರೆದೋಳು. ನಂದನ್ನ ಬಿಡ್ತೀನಾ?" ಎಂದು ಸಂದಿಯಕ್ಕ ಅವರ ಸೀಮೆಸುಣ್ಣ ಕಿತ್ತುಕೊಂಡಳು.

ತಪ್ಪು ಯಾರದು: ಸಂದಿಯಕ್ಕ. ಹಿಡಿದವರು ಯಾರು: ಅತ್ತೆ. ಅಕ್ಷರಗಳು ದುಂಡಗೇ ಇದ್ದವು, ಎರಡನೆಯ ಕಾಲಮ್ಮಿನವು ಒಂದಿಷ್ಟು ದೊಡ್ಡವಾಗಿದ್ದವು. ಸುದ್ದಿ ಕೇಳಿ ಟೈರ್ ಅಂಗಡಿಯವನೂ ಮೇಲೆ ಬಂದು ನೋಡಿ ಹೋದ. ಇಬ್ಬರು ಫೋಟೊ ತೆಗೆದುಕೊಂಡರು.

ಮೂರು ದಿನದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು. ಶನಿವಾರ ಸಂಜೆಯೇ ಅತ್ತೆ ಮಗನ ಶೂಗಳನ್ನು ಕಂಡು ಒಂದು ಕೂಗು ಹಾಕಿ, ಅವನ ಸಮಜಾಯಿಷಿಯನ್ನು ಪೂರ್ತಿ ಕೇಳಿಸಿಕೊಂಡು, ಅದಕ್ಕೂ ಸೇರಿಸಿ ಇನ್ನೊಂದು ಕೂಗು ಹಾಕಿದರು. ಗಂಡ ಹೆಂಡತಿಯತ್ತ ನೋಡಿದ ನೋಟದಲ್ಲಿ ದೊಡ್ಡ ಸಾಮ್ರಾಜ್ಯ ಕಳೆದುಕೊಂಡ ದುಃಖವಿತ್ತು.

ಸೋಮವಾರ ಸಂದಿಯಕ್ಕ ರಜೆ ಹಾಕಿ, ಮನೆಕಿವಿಯ ಮೂರನೆಯ ದಿನದ ಪರೀಕ್ಷೆ ಎಂಬ ನೆಪ ಹೇಳಿ ಅತ್ತೆಯ ಜೊತೆ ಹೋದಳು. ಕನ್ನಡಕದಂಗಡಿಯಾಕೆಯ ಮನೆಯಲ್ಲಿ ಕಿಟಕಿಯ ಪಕ್ಕ ಕೂತು ಒಂದು ವಾರಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದುಕೊಂಡಳು. ಪೋಸ್ಟ್‌ಮಾಸ್ಟರು ಆಗಲೇ ಬಂದಿದ್ದರು. ಮನೆಯಿಂದ ದಿಂಬನ್ನೂ ತಂದಿದ್ದರು.

ಮೊದಲ ಸುತ್ತಿನಲ್ಲೇ ದಂತವೈದ್ಯೆ ಯಾವುದಕ್ಕೋ ನಕ್ಕಳು. ಗಾಜು ಅದುರಿತು, ಸಂದಿಯಕ್ಕನ ಜೀವ ಬಾಯಿಗೆ ಬಂತು. ಅತ್ತೆ ತಲೆಯನ್ನೂ ಎತ್ತಲಿಲ್ಲ, ತಮ್ಮ ಸರದಿ ಬಂದಾಗ ಸರಿಯಾಗಿ "ನಾಲ್ಕು" ಎಂದರು. ಕನ್ನಡಕದಂಗಡಿಯಾಕೆ ಪರೀಕ್ಷೆ ಮಾಡಲೆಂದೇ ಎಲೆಗಳನ್ನು ಬಾಯಿಗೆ ಅಡ್ಡ ಹಿಡಿದು, ಪಿಸುಮಾತಿನಲ್ಲಿ ಕರೆ ಹೇಳಿದಳು. ಅತ್ತೆ ಅದಕ್ಕೂ ಉತ್ತರ ಕೊಟ್ಟರು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐದನೆಯ ಸುತ್ತಿಗೆ ಪೋಸ್ಟ್‌ಮಾಸ್ಟರಿಗೆ ಪರಿಸ್ಥಿತಿ ಅರ್ಥವಾಯಿತು.

"ನಿಮ್ಮಿಬ್ಬರ ಮಧ್ಯೆ ಒಂದು ಕುರ್ಚಿಯ ಜಾಗ ಇದೆಯಲ್ಲ," ಎಂದು ಅವರು ಅತ್ತೆಯ ಮತ್ತು ಟೀಚರ ನಡುವೆ ಬೆರಳು ತೋರಿಸಿದರು. "ನಾನು ಅಲ್ಲೇ ಹಿಡಿಸ್ತೀನಿ. ಸುಮ್ನೆ ನೋಡ್ತಾ ಕೂತಿರ್ತೀನಿ."

ಜಾಗ ಇತ್ತು. ಸಂದಿಯಕ್ಕ ಬಂದ ಕೂಡಲೇ ಅದನ್ನು ಗಮನಿಸಿದ್ದಳು, ಅಂಗೈ ತುರಿಸುತ್ತಲೂ ಇತ್ತು. ಅತ್ತೆ ಸೊಸೆಯ ಕಡೆ ನೋಡಿದರು.

"ಆ ಸಂದಿ ಹಾಗೇ ಇರ್ಲಿ ಬಿಡಿ ಸಾರ್," ಎಂದಳು ಸಂದಿಯಕ್ಕ. ಜೀವಮಾನದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು.

ಕೊನೆಯ ಪಟ್ಟನ್ನು ಅತ್ತೆ ಹೊಡೆದರು. ಹೊಡೆದ ರಭಸಕ್ಕೆ ಬಲಗೈ ಮೇಜು ದಾಟಿ ಪಕ್ಕದ ಖಾಲಿ ಜಾಗದಲ್ಲಿ ಬೀಸಿಹೋಯಿತು. ಪೋಸ್ಟ್‌ಮಾಸ್ಟರು ಅಲ್ಲಿ ಕೂತಿದ್ದರೆ ಅವರ ಕನ್ನಡಕ ಬೀದಿಯಲ್ಲಿರುತ್ತಿತ್ತು.

"ಗೆದ್ದೆ!" ಎಂದು ಅತ್ತೆ ಬಸ್ ನಿಲ್ದಾಣದ ದನಿಯಲ್ಲಿ ಸಾರಿದರು. ಮೂವರೂ ಕಿವಿ ಮುಚ್ಚಿಕೊಂಡರು.

"ಮೆಲ್ಲಗೆ!" ಎಂದು ದಂತವೈದ್ಯೆ ಕಿರುಚಿದಳು.

"ಕೇಳಿಸ್ತಿದೆಯಮ್ಮ, ಯಾಕೆ ಅಷ್ಟು ಕೂಗ್ತೀಯ?"

ನಗು ಅಡಗಲು ಸುಮಾರು ಹೊತ್ತು ಹಿಡಿಯಿತು. ಪೋಸ್ಟ್‌ಮಾಸ್ಟರು ದಿಂಬನ್ನು ಗೋಡೆಯ ಕಡೆಗೆ ಇನ್ನಷ್ಟು ಸರಿಸಿಕೊಂಡರು. ಕನ್ನಡಕದಂಗಡಿಯಾಕೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಇಷ್ಟು ವರ್ಷ ಅತ್ತೆಗೆ ಏನಾದರೂ ಹೇಳಬೇಕಾದರೆ ಅವಳು ಎದುರು ಬಂದು, ಬಗ್ಗಿ, ಬಾಯಿ ಅಗಲಿಸಿ ಹೇಳುತ್ತಿದ್ದಳು. ಇಂದು ಅಡುಗೆಮನೆಯ ನಲ್ಲಿಯ ಮುಂದೆ, ಬೆನ್ನು ತಿರುಗಿಸಿಕೊಂಡು, ನೀರಿನ ಸದ್ದಿನ ನಡುವೆಯೇ ಮಾಮೂಲಿ ದನಿಯಲ್ಲಿ ಹೇಳಿದಳು.

"ನಾಳೆ ಅರ್ಧ ಗಂಟೆ ಮುಂಚೆ ಬನ್ರೀ, ಇವತ್ತಿಂದು ಸೇಡು ತೀರಿಸ್ಕೋಬೇಕು."

"ಎರಡೂವರೆಗೆ ಬರ್ತೀನಿ," ಎಂದರು ಅತ್ತೆ, ಗುಂಡಿಗಳನ್ನು ಚೀಲಕ್ಕೆ ತುಂಬುತ್ತಾ.